ಅತಿಥಿ ಯಾರು, ಒಕ್ಕಲು ಯಾರು?

ಚೆಂಡುಹೂವೊಂದನ್ನು ಬಿಳಿಯ ಕಾಗದದ ಮೇಲೆ ತಲೆಕೆಳಗಾಗಿ ಹಿಡಿದು ಬೆರಳಿನಿಂದ ಎರಡು ಮೂರು ಬಾರಿ ತಟ್ಟಿ ನೋಡಿರಿ. ಪರಾಗದ ಹುಡಿಯೊಡನೆ ಕೆಲವು ಕಿರುಗೀಟುಗಳೂ ಕಾಗದದ ಮೇಲೆ ಉದುರುವುದುಂಟು. ಮೊದಲ ನೋಟಕ್ಕೆ ಅವು ಕಸವೆಂದೇ ತೋರುತ್ತವೆ. ಸ್ವಲ್ಪ ಹೊತ್ತು ಕಣ್ಣು ಕೀಲಿಸಿ ನೋಡಿದರೆ ಆ ಗೀಟುಗಳು ಎದ್ದು ನಡೆಯತೊಡಗುತ್ತವೆ. ಒಂದೆರಡು ತಮ್ಮ ಹೊಟ್ಟೆಯ ತುದಿಯನ್ನು ಚೇಳಿನಂತೆ ಮೇಲೆತ್ತುತ್ತವೆ. ಇನ್ನೊಂದು ಥಟ್ಟನೆ ಹಾರಿ ಮಾಯವಾಗುತ್ತದೆ. ಇವೇ ಥ್ರಿಪ್ಸ್ ಎಂಬ ಕೀಟಗಳು. ಇವುಗಳಲ್ಲಿ ಹೆಚ್ಚಿನವುಗಳ ಉದ್ದ ಒಂದೆರಡು ಮಿಲಿಮೀಟರನ್ನು ಮೀರುವುದಿಲ್ಲ. ನಮ್ಮ ರೈತರು ಇವನ್ನು ಥ್ರಿಪ್ಸ್ ನುಸಿ ಎನ್ನುತ್ತಾರೆ; ಎಷ್ಟೋ ವೇಳೆ ಬರಿದೆ ನುಸಿ ಎಂದುಬಿಡುತ್ತಾರೆ. ಆದರೆ ಎಂಟು ಕಾಲಿನ ಮೈಟ್‌ಗಳಿಗೂ ಅದೇ ಹೆಸರು ಸಲ್ಲುವುದರಿಂದ ಇಲ್ಲಿ ನಾವು ಥ್ರಿಪ್ಸ್ ಎಂಬ ಮಾತನ್ನೇ ಬಳಸೋಣ. ಥ್ರಿಪ್ಸ್‌ಗೆ ಎಲ್ಲ ಕೀಟಗಳಂತೆ ಆರೇ ಕಾಲು.

ಥ್ರಿಪ್ಸ್ ಎಂಬುದು ಗ್ರೀಕ್ ಭಾಷೆಯ ಮಾತು. ಮರ ಕೊರೆಯುವ ಹುಳು ಎಂದು ಅದರ ಹಳೆಯ ಅರ್ಥ. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ೧೭೫೮ರಲ್ಲಿ ಈ ಕೀಟಗಳಿಗೆ ಆ ಹೆಸರನ್ನು ಕೊಟ್ಟನು. ಮರ ಕೊರೆಯುವ ಶಕ್ತಿ ಇವಕ್ಕೆ ಎಲ್ಲಿಂದ ಬರಬೇಕು? ಆದರೂ ಹೆಸರು ನಿಂತುಹೋಯಿತು. ಇಂಗ್ಲಿಷಿನಲ್ಲಿ ಒಂದು ಕೀಟವಾದರೂ ಥ್ರಿಪ್ಸ್, ಒಂದು ಸಾವಿರವಾದರೂ ಥ್ರಿಪ್ಸ್. ೧೮೩೬ರಲ್ಲಿ ಐರ್ಲೆಂಡಿನ ಹ್ಯಾಲಿಡೇ ಎಂಬ ಕೀಟಶಾಸ್ತ್ರಜ್ಞನು ಇವುಗಳ ರೆಕ್ಕೆಯನ್ನು ಗಮನಿಸಿ, ಇವನ್ನೆಲ್ಲ ಒಂದು ಪ್ರತ್ಯೇಕ ಗಣವಾಗಿ ವಿಂಗಡಿಸಿ, ಥೈಸನಾಪ್ಟೆರ, ಎಂದರೆ ಕುಚ್ಚುರೆಕ್ಕೆಯವು, ಎಂದು ಕರೆದನು. ಇದು ಒಪ್ಪುವ ಹೆಸರು. ಚಿಟ್ಟೆಯ ರೆಕ್ಕೆಯಂತೆ ಇವುಗಳ ರೆಕ್ಕೆ ಅಗಲವಾದ ಹಾಳೆಯಲ್ಲ. ಒಂದು ಕಿರಿದಾದ ಪಟ್ಟಿ, ಅದರ ಅಂಚಿನುದ್ದಕ್ಕೂ ನೀಳವಾದ ಕೂದಲಿನ ಸಾಲು. ಇಂಥ ರೆಕ್ಕೆಯಿಂದ ಹಾರುವುದು ಸಾಧ್ಯವೇ ಎಂದು ಸಂಶಯ ಬರಬಹುದು. ಆದರೆ ಇಷ್ಟು ಸಣ್ಣ ಜೀವಿಗೆ ಗಾಳಿಯೂ ಪಾನಕದಂತೆ ಮಂದವಾದ ವಸ್ತು. ಕೂದಲಿನ ಸಾಲೇ ಅದರಲ್ಲಿ ಹುಟ್ಟಿನಂತೆ ಕೆಲಸಮಾಡುತ್ತದೆ. ಬೀಸುಗಾಳಿ ಎದ್ದಾಗ ಮಾತ್ರ ಥ್ರಿಪ್ಸ್‌ನ ಇಷ್ಟಾನಿಷ್ಟಕ್ಕೆ ಬೆಲೆಯಿಲ್ಲ. ಗಾಳಿ ಒಯ್ದಲ್ಲಿಗೆ ಅದು ಹೋಗಬೇಕು, ಇಳಿಸಿದಲ್ಲಿ ಇಳಿಯಬೇಕು. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಬರುವ ತೊಡಕಿಗೆಲ್ಲ ಇದೇ ಮೂಲ.

ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದಿರುವ ಥ್ರಿಪ್ಸ್ ಪ್ರಭೇದಗಳು ೬,೦೦೦ಕ್ಕೂ ಹೆಚ್ಚು. ಭಾರತದಲ್ಲಿ ೭೦೦ಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ. ನಮ್ಮ ದೇಶದಲ್ಲಿ ಈ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಟಿ. ವಿ. ರಾಮಕೃಷ್ಣ ಅಯ್ಯರ್ ಅವರ ಹೆಸರನ್ನು ಮೊದಲು ಹೇಳಬೇಕು. ಭಾರತದ ಥ್ರಿಪ್ಸ್ ಕುರಿತ ಅವರ ಗ್ರಂಥ ೧೯೨೮ರಲ್ಲಿ ಪ್ರಕಟವಾಯಿತು. ಆಮೇಲೆ ಮದರಾಸಿನ ಲೊಯೋಲ ಕಾಲೇಜಿನಲ್ಲಿ ಕೀಟ ಸಂಶೋಧನ ಸಂಸ್ಥೆಯನ್ನು ಕಟ್ಟಿದ ಟಿ. ಎನ್. ಅನಂತಕೃಷ್ಣನ್ (೧೯೨೫–೨೦೧೫) ತಮ್ಮ ಆಯುಷ್ಯದ ಬಹುಭಾಗವನ್ನು ಈ ಕಿರುಗೀಟುಗಳಿಗೇ ಮುಡಿಪಾಗಿಟ್ಟರು. ದಕ್ಷಿಣ ಭಾರತದ ಯಾವ ಗಿಡದಲ್ಲಿ ಯಾವ ಥ್ರಿಪ್ಸ್ ಬಾಳುತ್ತದೆಂಬ ನಮ್ಮ ತಿಳಿವಳಿಕೆಯ ದೊಡ್ಡ ಪಾಲು ಅವರಿಂದಲೂ ಅವರ ಶಿಷ್ಯರಿಂದಲೂ ಬಂದದ್ದು.

ಯಾವ ಗಿಡದಲ್ಲಿ ಯಾವ ಥ್ರಿಪ್ಸ್ ಎಂಬುದನ್ನು ಅರಿಯುವುದು ಅಷ್ಟು ಕಷ್ಟವೆ? ಗಿಡವನ್ನು ತಟ್ಟಿ, ಬಿದ್ದ ಕೀಟವನ್ನು ಹಿಡಿದು, ಎರಡರ ಹೆಸರನ್ನೂ ಬರೆದಿಟ್ಟರೆ ಮುಗಿಯಲಿಲ್ಲವೆ? ಹಾಗೆಂದುಕೊಂಡು ಬರೆದಿಟ್ಟ ಪಟ್ಟಿಗಳು ಹಿಂದೆ ಬಹಳ ಬಂದಿವೆ. ಆ ಪಟ್ಟಿಗಳನ್ನು ನಂಬಿ ನಡೆದವರು ಮೋಸಹೋದದ್ದೂ ಉಂಟು. ಕಾರಣವನ್ನು ತಿಳಿಯಲು ಥ್ರಿಪ್ಸ್‌ನ ಬಾಳನ್ನು ಸ್ವಲ್ಪ ನೋಡಬೇಕು.

ಥ್ರಿಪ್ಸ್‌ನ ಬಾಯಿ ಕೀಟಲೋಕದಲ್ಲೇ ಒಂದು ವಿಚಿತ್ರ. ಬೇರೆ ಕೀಟಗಳಿಗೆ ಎಡಬಲ ಎರಡು ದವಡೆಗಳಿರುವಲ್ಲಿ ಇದಕ್ಕೆ ಎಡಗಡೆಯದು ಮಾತ್ರ ಬೆಳೆದಿರುತ್ತದೆ; ಬಲಗಡೆಯದು ಇಲ್ಲ. ಆ ಒಂಟಿ ದವಡೆಯಿಂದ ಎಲೆಯ ಅಥವಾ ದಳದ ಒಂದು ಜೀವಕೋಶಕ್ಕೆ ತೂತು ಕೊರೆದು, ಸೂಜಿಯಂಥ ಇನ್ನೆರಡು ಅಂಗಗಳನ್ನು ಕೊಳವೆಯಾಗಿ ಜೋಡಿಸಿ ಒಳಗಿನ ರಸವನ್ನು ಹೀರಿಕೊಳ್ಳುತ್ತದೆ. ರಸ ಬತ್ತಿದ ಕೋಶದೊಳಗೆ ಗಾಳಿ ತುಂಬುವುದರಿಂದ ಎಲೆಯ ಮೇಲೆ ಬೆಳ್ಳಿಯ ಬಣ್ಣದ ಮಚ್ಚೆಗಳು ಕಾಣುತ್ತವೆ. ಅವುಗಳ ನಡುವೆ ಕೀಟದ ಹಿಕ್ಕೆಯ ಕರಿಯ ಚುಕ್ಕೆಗಳು. ಎಳೆಯ ಚಿಗುರಾದರೆ ಮುರುಟಿಕೊಳ್ಳುತ್ತದೆ. ಮೆಣಸಿನ ಗಿಡದ ಎಲೆ ಮುದುರುವುದನ್ನು, ಏಲಕ್ಕಿಯ ಕಾಯಿಯ ಮೇಲೆ ಕಜ್ಜಿಯಂತೆ ಸಿಪ್ಪೆ ಒರಟಾಗುವುದನ್ನು ಕಂಡವರಿಗೆ ಇದರ ಪ್ರತಾಪವನ್ನು ಬಣ್ಣಿಸಬೇಕಾಗಿಲ್ಲ. ಎಲ್ಲ ಥ್ರಿಪ್ಸೂ ಹೀಗೆ ಹಸಿರನ್ನೇ ಹೀರುತ್ತವೆಂದು ತಿಳಿಯಬಾರದು. ಎಷ್ಟೋ ಪ್ರಭೇದಗಳು ಒಣರೆಂಬೆ, ತರಗೆಲೆಗಳ ಮೇಲಿನ ಬೂಷ್ಟನ್ನು ತಿಂದು ಬಾಳುತ್ತವೆ. ಕೆಲವು ಪರಾಗವನ್ನು ತಿನ್ನುತ್ತವೆ. ಕೆಲವು ತಮ್ಮ ನೆಂಟರನ್ನೇ ತಿನ್ನುತ್ತವೆ.

ಹೆಣ್ಣು ಥ್ರಿಪ್ಸ್ ಎಲೆಯ ಮೈಯನ್ನು ಗರಗಸದಂಥ ಅಂಗದಿಂದ ಸೀಳಿ ಒಳಗೆ ಮೊಟ್ಟೆಯಿಡುತ್ತದೆ. ಗರಗಸವಿಲ್ಲದ, ಹೊಟ್ಟೆಯ ತುದಿ ಕೊಳವೆಯಂತಿರುವ ಇನ್ನೊಂದು ಪಂಗಡದವು ಮೊಟ್ಟೆಯನ್ನು ಹೊರಗೇ ಅಂಟಿಸುತ್ತವೆ. ಫಲಿತವಾಗದ ಮೊಟ್ಟೆಯಿಂದಲೂ ಮರಿ ಹುಟ್ಟುತ್ತದೆ. ಸಾಮಾನ್ಯವಾಗಿ ಅದು ಗಂಡಾಗಿರುತ್ತದೆ. ಮರಿಗೆ ರೆಕ್ಕೆಯಿಲ್ಲ. ಅದು ಎರಡು ಹಂತಗಳಲ್ಲಿ ಹಸಿದು ಹಸಿದು ತಿನ್ನುತ್ತದೆ, ಆಮೇಲೆ ಎರಡು ಮೂರು ಹಂತಗಳಲ್ಲಿ ಏನನ್ನೂ ತಿನ್ನದೆ ಕೋಶಾವಸ್ಥೆಯಲ್ಲಿ ಸುಮ್ಮನಿರುತ್ತದೆ. ಎಷ್ಟೋ ಪ್ರಭೇದಗಳು ಈ ಅವಧಿಯನ್ನು ಗಿಡದ ಬುಡದ ಮಣ್ಣಿನಲ್ಲಿ ಕಳೆಯುತ್ತವೆ. ಕೊನೆಗೆ ರೆಕ್ಕೆ ಮೂಡಿ ಪ್ರೌಢ ಕೀಟ ಹೊರಬರುತ್ತದೆ.

ಈಗ ತೊಡಕು ಎಲ್ಲಿದೆಯೆಂದು ನೀವೇ ಊಹಿಸಬಹುದು. ರೆಕ್ಕೆಯಿರುವ ಪ್ರೌಢ ಕೀಟ ಎಲ್ಲಿ ಬೇಕಾದರೂ ಸಿಕ್ಕೀತು. ಅದು ದಾರಿಹೋಕನಂತೆ ಒಂದು ಗಳಿಗೆ ತಂಗಿರಬಹುದು; ಪರಾಗದ ಒಂದು ತುತ್ತಿಗಾಗಿ ಬಂದಿರಬಹುದು; ಗಾಳಿ ತಂದು ಎಸೆದಿರಬಹುದು. ಯುರೋಪಿನಲ್ಲಿ ಗೋಧಿ, ಬಾರ್ಲಿ ಮೊದಲಾದ ಪೈರುಗಳಲ್ಲಿ ಬೆಳೆಯುವ ಥ್ರಿಪ್ಸ್ ಒಂದಿದೆ. ಬೇಸಗೆಯ ಗುಡುಗುಮೋಡದ ದಿನಗಳಲ್ಲಿ ಅದು ಲಕ್ಷಗಟ್ಟಲೆ ಮೇಲೆದ್ದು ಊರೊಳಗೆ ನುಗ್ಗುತ್ತದೆ; ಗೋಡೆಯ ಮೇಲಿನ ಚಿತ್ರಪಟದ ಗಾಜಿನ ಹಿಂದೆ ಸೇರಿಕೊಂಡು ಸಾಯುತ್ತದೆ; ಹೊಗೆ ಪತ್ತೆಮಾಡುವ ಯಂತ್ರದೊಳಗೆ ಹೊಕ್ಕು ಬೆಂಕಿಯ ಗಂಟೆಯನ್ನು ಸುಳ್ಳೇ ಬಾರಿಸಿದ್ದೂ ಉಂಟು. ಸಿಕ್ಕಿದ ಜಾಗವನ್ನೆಲ್ಲ ಮನೆಯೆಂದು ಬರೆದುಕೊಂಡರೆ, ಈ ಕೀಟದ ಮನೆ ಚಿತ್ರಪಟವೆಂದೇ ಬರೆಯಬೇಕಾದೀತು! ರೆಕ್ಕೆಯಿಲ್ಲದ ಮರಿಯ ಮಾತು ಬೇರೆ. ಅದು ತಾನಾಗಿ ದೂರ ಹೋಗಲಾರದು. ಅದು ಇರುವಲ್ಲಿಯೇ ಅದರ ತಾಯಿ ಮೊಟ್ಟೆಯಿಟ್ಟಿರಬೇಕು. ಆದುದರಿಂದ ಒಂದು ಗಿಡದ ಮೇಲೆ ಒಂದು ಥ್ರಿಪ್ಸ್‌ನ ಮರಿಗಳು ಬೆಳೆಯುತ್ತಿರುವುದು ಕಂಡರೆ ಮಾತ್ರ ಆ ಗಿಡವನ್ನು ಅದರ ಆತಿಥೇಯ ಸಸ್ಯ ಎನ್ನಬೇಕೆಂದು ಈ ಶಾಸ್ತ್ರದ ತಿಳಿದವರು ಹೇಳುತ್ತಾರೆ. ಆತಿಥೇಯವೆಂಬ ಮಾತು ಇಲ್ಲಿ ತುಸು ದಾರಿ ತಪ್ಪಿಸುತ್ತದೆ. ಅತಿಥಿಗೆ ಅನ್ನವಿಕ್ಕುವವನು ಆತಿಥೇಯ. ನಮಗೆ ಬೇಕಾದದ್ದು ಅತಿಥಿಯ ವಿಳಾಸವಲ್ಲ, ಒಕ್ಕಲಿನ ವಿಳಾಸ. ತೊಟ್ಟಿಲು ಕಟ್ಟಿದ ಮನೆ ಯಾವುದೆಂದು ಕೇಳಬೇಕು.

ಇಂಥ ಸಮೀಕ್ಷೆಗೆ ಕಾಡೇ ಏಕೆ ಬೇಕು, ಅದರಲ್ಲಿಯೂ ರಕ್ಷಿತ ಅರಣ್ಯವೇ ಏಕೆ ಬೇಕು? ಹೊಲದಲ್ಲಿರುವ ಥ್ರಿಪ್ಸ್ ನಾವು ಬಿತ್ತಿದ್ದನ್ನು ತಿನ್ನುತ್ತದೆ. ನಾವು ಬಿತ್ತುವ ಮೊದಲು ಅದು ಏನನ್ನು ತಿನ್ನುತ್ತಿತ್ತೆಂಬುದನ್ನು ಹೊಲ ಹೇಳಲಾರದು. ಕಾಳುಮೆಣಸು ಮತ್ತು ಏಲಕ್ಕಿ ಪಶ್ಚಿಮಘಟ್ಟದ ಕಾಡುಗಳಲ್ಲಿ ತಾವಾಗಿ ಬೆಳೆಯುವ ಸಸ್ಯಗಳು. ಅವನ್ನು ಕಾಡುವ ಥ್ರಿಪ್ಸ್‌ನ ತವರೂ ಆ ಕಾಡೇ ಆಗಿರುವುದು ಸಹಜ. ಅಲ್ಲಿ ಅದನ್ನು ತಿಂದು ಮಿತಿಯಲ್ಲಿಡುವ ವೈರಿಗಳೂ ಇರುತ್ತವೆ. ಜೊತೆಗೆ ಔಷಧಿ ಸಿಂಪಡಿಸದ, ಬಹುಕಾಲ ಕಡಿಯದ ಕಾಡೊಂದರಲ್ಲಿ ಯಾವ ಯಾವ ಕೀಟಗಳಿವೆಯೆಂಬ ಪಟ್ಟಿ ಕೈಯಲ್ಲಿದ್ದರೆ, ನಾಳೆ ಹೊರನಾಡಿನ ಹೊಸ ಕೀಟವೊಂದು ಬಂದಾಗ ಅದು ಹೊಸತೆಂದು ಹೇಳಬಹುದು. ಹಳೆಯ ಪಟ್ಟಿಯೇ ಇಲ್ಲದಿದ್ದರೆ ಹೊಸಬನನ್ನು ಗುರುತಿಸುವುದು ಹೇಗೆ? ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ, ಇರುವ ಜೀವಿಗಳೆಲ್ಲವನ್ನೂ ಪಟ್ಟಿಮಾಡುವ ದೊಡ್ಡ ಕಾರ್ಯವೊಂದು ೧೯೯೮ರಲ್ಲಿ ಆರಂಭವಾಯಿತು. ಕರಡಿ, ಜಿಂಕೆಗಳನ್ನು ಎಣಿಸಿ ಕೈತೊಳೆದುಕೊಳ್ಳದೆ ಪಾಚಿ, ಅಣಬೆ, ಥ್ರಿಪ್ಸ್‌ಗಳವರೆಗೂ ಹುಡುಕಿದುದರಿಂದ ಅಲ್ಲಿ ವಿಜ್ಞಾನಕ್ಕೇ ಹೊಸತಾದ ಒಂದು ಸಾವಿರದಷ್ಟು ಪ್ರಭೇದಗಳು ಬೆಳಕಿಗೆ ಬಂದಿವೆ.

ನಮ್ಮ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಅಂಥದೊಂದು ಸಮೀಕ್ಷೆ ಕೈಗೊಂಡಿದ್ದೇವೆಂದು ಭಾವಿಸೋಣ. ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನಲ್ಲಿ ಕಣಿವೆಯ ನಿತ್ಯಹರಿದ್ವರ್ಣ ಅರಣ್ಯವೂ ಉಂಟು, ಮೇಲಿನ ಗುಡ್ಡಗಳ ಹುಲ್ಲುಗಾವಲೂ ಉಂಟು, ಹುಲ್ಲಿನ ನಡುವೆ ಮಡಿಕೆಗಳಲ್ಲಿ ಅಡಗಿದ ಶೋಲ ಕಾಡೂ ಉಂಟು. ಮೊದಲು ಅನುಮತಿ. ರಾಷ್ಟ್ರೀಯ ಉದ್ಯಾನದೊಳಗಿಂದ ಒಂದು ಎಲೆಯನ್ನಾಗಲಿ ಒಂದು ಕೀಟವನ್ನಾಗಲಿ ತರಬೇಕಾದರೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಆಮೇಲೆ ಜೊತೆಗಾರ. ಕೀಟ ಬಲ್ಲವನೊಬ್ಬನೇ ಹೋದರೆ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಸಸ್ಯ ಬಲ್ಲವರೊಬ್ಬರು ಜೊತೆಗಿರಲೇಬೇಕು. ಕೀಟದ ಹೆಸರನ್ನು ಸೂಕ್ಷ್ಮದರ್ಶಕದಲ್ಲಿ ಕೂದಲು ಕೂದಲಾಗಿ ಪರೀಕ್ಷಿಸಿ ನಿರ್ಧರಿಸಿದವರು, ಗಿಡದ ಹೆಸರನ್ನು ಮಾತ್ರ ಊಹೆಯಿಂದ ಬರೆದು ಬಿಟ್ಟಿರುವ ನಿದರ್ಶನಗಳಿವೆ. ಅಂಥ ದಾಖಲೆಯನ್ನು ಕಾಲು ಮುರಿದ ಕುರ್ಚಿಗೆ ಹೋಲಿಸಬಹುದು; ನೋಡಲು ಕುರ್ಚಿಯೇ, ಕೂರಲು ಬಾರದು. ಆದುದರಿಂದ ಥ್ರಿಪ್ಸ್ ಸಿಕ್ಕಿದ ಪ್ರತಿ ಗಿಡದ ಒಂದು ರೆಂಬೆಯನ್ನು, ಸಾಧ್ಯವಾದರೆ ಹೂಕಾಯಿಗಳ ಸಮೇತ, ಕಾಗದಗಳ ನಡುವೆ ಒತ್ತಿ ಒಣಗಿಸಿ ಇಟ್ಟುಕೊಳ್ಳಬೇಕು. ಸಂಶಯ ಬಂದಾಗ ಅದನ್ನೇ ತೆರೆದು ನೋಡಬಹುದು.

ಉಪಕರಣಗಳು ಬಹಳ ಸರಳ. ಒಂದು ಬಿಳಿಯ ತಟ್ಟೆ, ಒಂದು ಗಿಡ್ಡ ಕೋಲು, ಚಿತ್ರಕಾರರ ಅತಿ ಸಣ್ಣ ಕುಂಚ, ಮುಚ್ಚಳವುಳ್ಳ ಕಿರುಸೀಸೆಗಳು, ಒಂದು ಭೂತಗನ್ನಡಿ, ಪೆನ್ಸಿಲು. ರೆಂಬೆಯ ಕೆಳಗೆ ತಟ್ಟೆ ಹಿಡಿದು ಕೋಲಿನಿಂದ ಮೇಲೆ ತಟ್ಟಿದರೆ ಕಸಕಡ್ಡಿ, ಇರುವೆ, ಜೇಡ, ಥ್ರಿಪ್ಸ್ ಎಲ್ಲವೂ ಬೀಳುತ್ತವೆ. ಥ್ರಿಪ್ಸ್‌ನ ನಡಿಗೆಯ ರೀತಿಯಿಂದ ಅದನ್ನು ಗುರುತಿಸಬಹುದು. ಒದ್ದೆ ಮಾಡಿದ ಕುಂಚದ ತುದಿಯನ್ನು ಮುಟ್ಟಿಸಿದರೆ ಅದು ಅಂಟಿಕೊಳ್ಳುತ್ತದೆ. ಹಾಗೆಯೇ ಸೀಸೆಯ ದ್ರವದಲ್ಲಿ ಅದ್ದಬೇಕು. ಮೈಯನ್ನು ಕೆಡದಂತೆ ಕಾಪಾಡಲು ಆಲ್ಕೊಹಾಲ್ ಬೇಕೇ ಬೇಕು. ಇನ್ನೊಂದು ಎಚ್ಚರಿಕೆ: ಒಂದು ಸೀಸೆಯಲ್ಲಿ ಒಂದೇ ಗಿಡದ ಕೀಟಗಳಿರಬೇಕು. ಸೀಸೆ ಉಳಿಸುವ ಆಸೆಯಿಂದ ಎರಡು ಗಿಡದವನ್ನು ಬೆರೆಸಿದರೆ ಅಂದಿನ ದಿನದ ದುಡಿಮೆಯೆಲ್ಲ ನೀರಿಗೆ ಬಿದ್ದಂತೆ. ತಟ್ಟಿದ ಮೇಲೂ ಬೀಳದೆ ಎಲೆಯ ಸಂದಿಯಲ್ಲಿ ಕುಳಿತಿರುವ ಮರಿಗಳಿಗಾಗಿ ಎಲೆ, ಮೊಗ್ಗುಗಳನ್ನು ಬಿಡಿಸಿ ನೋಡಬೇಕು. ಮರಿಗಳು ತೆಳುಹಳದಿ, ಬಿಳಿ, ಕೆಲವೊಮ್ಮೆ ಕೆಂಪು ಬಣ್ಣದವು. ಅವಸರದ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಪಟ್ಟಿಗಳಲ್ಲಿ ಮರಿಗಳ ಸುದ್ದಿ ವಿರಳವಾಗಿರುವುದಕ್ಕೆ ಅವಸರವೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ನೆಲದ ತರಗೆಲೆಯಲ್ಲಿ ಬಾಳುವ ಥ್ರಿಪ್ಸನ್ನು ಹಿಡಿಯಲು ಇಟಲಿಯ ಬೆರ್ಲೀಸೆ ಎಂಬಾತನು ಯೋಚಿಸಿದ ಆಲಿಕೆಯ ಉಪಾಯವಿದೆ. ದೊಡ್ಡ ಆಲಿಕೆಯ ಮೇಲೆ ಜಾಲರಿಯಿಟ್ಟು ಅದರಲ್ಲಿ ತರಗೆಲೆ ತುಂಬಿ, ಮೇಲೆ ದೀಪ ಉರಿಸುತ್ತಾರೆ. ಬಿಸಿಗೂ ಬೆಳಕಿಗೂ ಅಂಜಿದ ಕೀಟಗಳು ತಂಪನ್ನೂ ಕತ್ತಲೆಯನ್ನೂ ಅರಸಿ ಕೆಳಗಿಳಿದು ಸೀಸೆಯೊಳಗೆ ಬೀಳುತ್ತವೆ. ಒಣಗಿದ ಹಲಸಿನ ರೆಂಬೆಯೊಂದರಲ್ಲಿ ಥ್ರಿಪ್ಸ್ ಮರಿಗಳು ಸಿಕ್ಕಿದುವೆನ್ನಿ. ಹಲಸು ಅವುಗಳ ಆತಿಥೇಯವೆ? ಅವು ತಿನ್ನುತ್ತಿರುವುದು ರೆಂಬೆಯ ಮೇಲಿನ ಬೂಷ್ಟು. ಅದೇ ಬೂಷ್ಟು ಮಾವಿನ ರೆಂಬೆಯ ಮೇಲೆ ಬೆಳೆದರೆ ಅವು ಅಲ್ಲಿಯೂ ಸುಖವಾಗಿರಬಹುದು. ಇಲ್ಲಿ ಮರಿಗಳಿದ್ದರೂ ಮರ ಬರಿಯ ನಿವೇಶನ, ಅನ್ನ ಬೇರೆ.

ಮರಿಗಳು ಕಂಡಾಗಲೂ ಮೋಸಹೋಗಬಹುದಾದ ಇನ್ನೊಂದು ಸಂದರ್ಭವನ್ನು ಕಾಳುಮೆಣಸಿನ ಬಳ್ಳಿಯಲ್ಲಿ ಕಾಣಬಹುದು. ಮಲೆನಾಡಿನ ತೋಟಗಳಲ್ಲಿ ಮೆಣಸಿನ ಎಳೆಯ ಎಲೆಗಳ ಅಂಚು ಕೆಳಮುಖವಾಗಿ ಒಳಕ್ಕೆ ಸುತ್ತಿಕೊಂಡು ಕೊಳವೆಯಂತಾಗಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಲಿಯೋಥ್ರಿಪ್ಸ್ ಕಾರ್ನಿಯೈ ಎಂಬ ಥ್ರಿಪ್ಸ್ ಎಲೆಯ ರಸ ಹೀರುವಾಗ ಎಲೆ ಹೀಗೆ ಸುತ್ತಿಕೊಳ್ಳುತ್ತದೆ. ಸುರುಳಿಯನ್ನು ಬಿಡಿಸಿದರೆ ಒಳಗೆ ಕಪ್ಪಗಿನ ಪ್ರೌಢ ಕೀಟಗಳು, ಕೆನೆಬಣ್ಣದ ಮರಿಗಳು, ಮೊಟ್ಟೆಗಳು ಒಟ್ಟಾಗಿ ಸಂಸಾರ ಹೂಡಿರುತ್ತವೆ. ಮಳೆಯ ಹೊಡೆತವಿಲ್ಲ, ಬಿಸಿಲಿನ ಬೇಗೆಯಿಲ್ಲ, ಗೋಡೆಯೇ ಊಟ. ಇಂಥ ಸುಖದ ಮನೆಗೆ ಬೇಡದ ನೆಂಟರು ಬರುವುದು ಲೋಕದ ರೂಢಿಯಷ್ಟೆ. ಎಲೆಗಂಟುಗಳೊಳಗೆ, ಗಂಟನ್ನು ಕಟ್ಟಲಾರದ ಬೇರೆ ಥ್ರಿಪ್ಸ್ ಬಂದು ಬಿಟ್ಟಿಯಾಗಿ ನೆಲಸುತ್ತವೆ. ಮತ್ತೂ ಕೆಲವು, ಮನೆ ಕಟ್ಟಿದವುಗಳ ಮೊಟ್ಟೆ ಮರಿಗಳನ್ನೇ ತಿಂದು ಅಲ್ಲಿಯೇ ತಮ್ಮ ಮರಿಗಳನ್ನೂ ಬೆಳೆಸುತ್ತವೆ. ಮೂರು ಬಗೆಯವುಗಳ ಮರಿಗಳೂ ಒಂದೇ ಗಂಟಿನಲ್ಲಿ ಸಿಕ್ಕಬಹುದು. ಮೆಣಸಿನ ಬಳ್ಳಿಗೆ ಶತ್ರು ಒಂದು, ಬಾಡಿಗೆ ಕೊಡದವನು ಇನ್ನೊಂದು, ಬಳ್ಳಿಗೆ ಮಿತ್ರ ಮೂರನೆಯದು. ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ಮೂರಕ್ಕೂ ವಿಷ ಹೊಡೆಯಿರೆಂದು ರೈತನಿಗೆ ಹೇಳಿದರೆ ಮಿತ್ರನನ್ನು ಕೊಂದ ಪಾಪ ಯಾರಿಗೆ ತಟ್ಟಬೇಕು?

ಗಂಟಿನ ಮನೆ ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಆಸ್ಟ್ರೇಲಿಯದಿಂದ ಒಂದು ಸಾಕ್ಷಿಯಿದೆ. ಅಲ್ಲಿನ ಜಾಲಿಯ ಕುಲದ ಮರಗಳಲ್ಲಿ ಗಂಟು ಕಟ್ಟುವ ಕೆಲವು ಥ್ರಿಪ್ಸ್‌ಗಳಲ್ಲಿ, ಮನೆ ಕಾಯುವುದನ್ನೇ ಕಸುಬಾಗಿ ಮಾಡಿಕೊಂಡ ಸೈನಿಕರಿರುವುದು ೧೯೯೨ರಲ್ಲಿ ಪ್ರಕಟವಾಯಿತು. ಇವುಗಳ ರೆಕ್ಕೆ ಮೊಟಕು, ಮುಂಗಾಲು ಮಾತ್ರ ದಪ್ಪ. ಒಳನುಗ್ಗಿದ ಪರಕೀಯ ಥ್ರಿಪ್ಸನ್ನು ಆ ಮುಂಗಾಲಿನಿಂದ ಹಿಸುಕಿ ಕೊಲ್ಲುತ್ತವೆ. ಜೇನು, ಇರುವೆ, ಗೆದ್ದಲುಗಳಲ್ಲಿ ಕಾಣುವ ಈ ಕೆಲಸದ ಹಂಚಿಕೆಯನ್ನು ಒಂದೆರಡು ಮಿಲಿಮೀಟರಿನ ಥ್ರಿಪ್ಸ್‌ನಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ.

ಹೂವಿಗೆ ಮರಳೋಣ. ಹೂವಿನಲ್ಲಿ ಸಿಕ್ಕ ಥ್ರಿಪ್ಸ್ ಹೂವಿಗೆ ಕೇಡು ಮಾಡುತ್ತದೆಯೋ ಉಪಕಾರ ಮಾಡುತ್ತದೆಯೋ ಎಂಬ ಪ್ರಶ್ನೆಯೂ ಸಮೀಕ್ಷಕನ ಮುಂದಿರುತ್ತದೆ. ಮಲೇಶಿಯದ ಪಾಸೊ ಎಂಬ ರಕ್ಷಿತಾರಣ್ಯದ ಕತೆ ಇಲ್ಲಿ ಕೇಳತಕ್ಕದ್ದು. ನಮ್ಮ ಮಲೆನಾಡಿನ ಧೂಪದ ಮರದ ಕುಟುಂಬಕ್ಕೆ ಸೇರಿದ ಮಹಾವೃಕ್ಷಗಳು ಆ ಕಾಡಿನಲ್ಲಿವೆ. ಅವು ವರ್ಷವರ್ಷವೂ ಹೂಬಿಡುವುದಿಲ್ಲ. ಹಲವು ವರ್ಷ ಸುಮ್ಮನಿದ್ದು, ಒಮ್ಮೆ ಕಾಡಿಗೆ ಕಾಡೇ ಹೂವೇರುತ್ತದೆ. ಲಕ್ಷಾಂತರ ಹೂಗಳು ಕೆಲವೇ ವಾರಗಳಲ್ಲಿ ಅರಳಿ ಮುಗಿಯುತ್ತವೆ. ಇಷ್ಟು ಹೂಗಳಿಗೆ ಪರಾಗ ಸಾಗಿಸುವವರು ಯಾರು? ಅಷ್ಟು ಅವಸರದಲ್ಲಿ ಸಂಖ್ಯೆಯನ್ನು ಬೆಳೆಸಿಕೊಳ್ಳಬಲ್ಲ ಜೀವಿ ಯಾವುದು? ಥ್ರಿಪ್ಸ್ ಎಂದು ಇಬ್ಬರು ಸಂಶೋಧಕರು ೧೯೮೧ರಲ್ಲಿ ಬರೆದರು. ಮೊಗ್ಗುಗಳಲ್ಲಿಯೇ ಥ್ರಿಪ್ಸ್ ಮರಿಹಾಕಿ ಬೇಗಬೇಗನೆ ಹೆಚ್ಚುತ್ತವೆ. ಬೆಳಿಗ್ಗೆ ಉದುರುವ ದಳಗಳೊಡನೆ ಪರಾಗ ಮೆತ್ತಿಕೊಂಡು ನೆಲಕ್ಕೆ ಬೀಳುತ್ತವೆ. ಸಂಜೆ ಹೊಸ ಹೂಗಳು ಅರಳುವ ಹೊತ್ತಿಗೆ ಮೇಲಕ್ಕೆ ಹಾರಿ ಪರಾಗವನ್ನು ಮುಟ್ಟಿಸುತ್ತವೆ. ಆಕಾಶ ಮುಟ್ಟುವ ಮರದ ವಂಶ ಗೀಟಿನಂಥ ಕೀಟದ ಮೇಲೆ ನಿಂತಿದೆಯೆಂಬ ಈ ಸುದ್ದಿ ಎಲ್ಲರನ್ನೂ ಬೆರಗುಗೊಳಿಸಿತು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಬೋರ್ನಿಯೊ ದ್ವೀಪದ ಲಂಬೀರ್ ಬೆಟ್ಟಗಳ ರಾಷ್ಟ್ರೀಯ ಉದ್ಯಾನದಲ್ಲಿ ೧೯೯೬ರಲ್ಲಿ ಕಾಡು ಹೂವೇರಿದಾಗ ಇನ್ನೊಂದು ತಂಡ ಮರಗಳ ನೆತ್ತಿಯಲ್ಲಿಯೇ ಕುಳಿತು, ಅದೇ ಕುಲದ ಒಂದು ಮರದ ಹೂಗಳನ್ನು ಪರೀಕ್ಷಿಸಿತು. ಅಲ್ಲಿಯೂ ಥ್ರಿಪ್ಸ್ ಇದ್ದವು. ಆದರೆ ಪರಾಗ ಸಾಗಿಸುವ ಮುಖ್ಯ ಕೆಲಸವನ್ನು ಮಾಡುತ್ತಿದ್ದವು ಸಣ್ಣ ಜೀರುಂಡೆಗಳೆಂದು ೧೯೯೯ರಲ್ಲಿ ಅವರು ಪ್ರಕಟಿಸಿದರು. ಇಬ್ಬರಲ್ಲಿ ಒಬ್ಬರು ಸುಳ್ಳಾಡಿದರೆಂದು ತೀರ್ಪು ಕೊಡಬೇಕಾಗಿಲ್ಲ. ಕಾಡು ಬೇರೆ, ವರ್ಷ ಬೇರೆ. ಹೂವಿನಲ್ಲಿ ಇರುವುದು ಒಂದು ಸಂಗತಿ, ಹೂವಿಗಾಗಿ ದುಡಿಯುವುದು ಇನ್ನೊಂದು ಸಂಗತಿ ಎಂಬುದನ್ನು ಮರದ ನೆತ್ತಿಗೆ ಹತ್ತಿ ನೋಡಿದವರು ತೋರಿಸಿಕೊಟ್ಟರು.

ಇದೆಲ್ಲ ಪಂಡಿತರ ಚರ್ಚೆ, ಊರಿನವರಿಗೇನು ಎಂದು ಯಾರಾದರೂ ಕೇಳಬಹುದು. ಮೆಣಸಿನಕಾಯಿ ಬೆಳೆಯುವವರನ್ನು ಕೇಳಿದರೆ ಉತ್ತರ ಸಿಕ್ಕೀತು. ಮೆಣಸಿನ ಗಿಡದ ಹಳೆಯ ವೈರಿಯಾದ ಥ್ರಿಪ್ಸ್‌ಗೆ ಕೊಯಮತ್ತೂರಿನಲ್ಲಿ ಹಿಡಿದ ಕೀಟಗಳನ್ನು ನೋಡಿ ೧೯೧೯ರಲ್ಲಿ ಹೆಸರಿಡಲಾಯಿತು. ಅದು ಸಿಕ್ಕಿದ ಸಸ್ಯಗಳ ಪಟ್ಟಿ ನೂರನ್ನು ದಾಟಿದೆ. ಆ ನೂರೂ ಅದರ ತೊಟ್ಟಿಲುಗಳಲ್ಲ. ಅಷ್ಟೇ ಅಲ್ಲ, ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದ ಈ ಕೀಟ ವಾಸ್ತವವಾಗಿ ನೋಟಕ್ಕೆ ಒಂದೇ ತೆರನಾದ ಹಲವು ಪ್ರಭೇದಗಳ ಗುಂಪೆಂದು ಡಿ.ಎನ್.ಎ. ಪರೀಕ್ಷೆಯಿಂದ ತಿಳಿದುಬಂದಿದೆ. ಇದರ ನಡುವೆ ಆಗ್ನೇಯ ಏಷ್ಯದ ಇನ್ನೊಂದು 'ಕಪ್ಪು ಥ್ರಿಪ್ಸ್' ೨೦೧೫ರಲ್ಲಿ ಬೆಂಗಳೂರಿನ ಪರಂಗಿ ಗಿಡದಲ್ಲಿ ಸಿಕ್ಕಿ, ಭಾರತದಲ್ಲಿ ಮೊದಲ ಬಾರಿಗೆ ದಾಖಲಾಯಿತು. ಆರು ವರ್ಷ ಅದು ಹೆಚ್ಚು ಸದ್ದು ಮಾಡಲಿಲ್ಲ. ೨೦೨೧ರಲ್ಲಿ ಆಂಧ್ರಪ್ರದೇಶ, ತೆಲಂಗಾಣ, ಕರ್ನಾಟಕಗಳ ಮೆಣಸಿನಕಾಯಿ ಹೊಲಗಳಲ್ಲಿ ಅದು ಹೂಹೂವನ್ನೂ ತುಂಬಿಕೊಂಡಿತು. ಹೂಗಳು ಉದುರಿದವು, ಕಾಯಿ ಕಚ್ಚಲಿಲ್ಲ. ಸಾಲ ಮಾಡಿ ಔಷಧಿ ಸಿಂಪಡಿಸಿದವರು ಕೊನೆಗೆ ಗಿಡಗಳನ್ನೇ ಕಿತ್ತದ್ದೂ ಉಂಟು. ಬೆಳೆಯಿಲ್ಲದ ತಿಂಗಳುಗಳಲ್ಲಿ ಅದು ಯಾವ ಗಿಡದಲ್ಲಿ ಮರಿಮಾಡಿಕೊಂಡು ಕಾದಿರುತ್ತದೆ? ಹೊಲದ ಬದುವಿನ ಕಳೆಯಲ್ಲೋ, ಬೇಲಿಯಲ್ಲೋ, ಪಕ್ಕದ ಕುರುಚಲು ಕಾಡಿನಲ್ಲೋ? ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ನಿರಪರಾಧಿಯಾದ ಗಿಡಗಳನ್ನು ಕಿತ್ತು ಸುಟ್ಟು, ಅಪರಾಧಿಯ ತೊಟ್ಟಿಲನ್ನು ಹಾಗೆಯೇ ಉಳಿಸಿದಂತಾಗುತ್ತದೆ. ರೋಗದ ವಿಷಯದಲ್ಲಿಯೂ ಹೀಗೆಯೇ. ಟೊಮೇಟೊ, ನೆಲಗಡಲೆ ಮೊದಲಾದ ಬೆಳೆಗಳನ್ನು ಒಣಗಿಸುವ ಕೆಲವು ವೈರಸ್‌ಗಳನ್ನು ಥ್ರಿಪ್ಸ್ ಹರಡುತ್ತವೆ. ಮರಿಯಾಗಿದ್ದಾಗ ರೋಗದ ಗಿಡವನ್ನು ತಿಂದ ಥ್ರಿಪ್ಸ್ ಮಾತ್ರ, ಪ್ರೌಢವಾದ ಮೇಲೆ ರೋಗವನ್ನು ಇನ್ನೊಂದು ಗಿಡಕ್ಕೆ ದಾಟಿಸಬಲ್ಲದು. ಇಲ್ಲಿಯೂ ತೊಟ್ಟಿಲಿನ ಮನೆಯೇ ಮುಖ್ಯ.

ಸರಿಯಾಗಿ ತಿಳಿದುಕೊಂಡಾಗ ಅದರಿಂದ ಪ್ರಯೋಜನ ಪಡೆದದ್ದೂ ಇದೆ. ಅಮೆರಿಕ ಖಂಡದ ಉಷ್ಣವಲಯದ ಕ್ಲಿಡೀಮಿಯ ಎಂಬ ಪೊದೆಗಿಡ ಫಿಜಿ ದ್ವೀಪಗಳಿಗೆ ಬಂದು ಹುಲ್ಲುಗಾವಲು, ತೋಟಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಅದರ ತವರಿನ ಕಡೆಗೆ ಹೋಗಿ ಹುಡುಕಿದವರಿಗೆ ಟ್ರಿನಿಡಾಡ್ ದ್ವೀಪದಲ್ಲಿ ಆ ಗಿಡದ ಚಿಗುರನ್ನೇ ನೆಚ್ಚಿ ಬಾಳುವ ಒಂದು ಥ್ರಿಪ್ಸ್ ಸಿಕ್ಕಿತು. ೧೯೩೦ರಲ್ಲಿ ಅದನ್ನು ಫಿಜಿಗೆ ತಂದು ಬಿಟ್ಟರು. ಕಳೆ ಹಿಮ್ಮೆಟ್ಟಿತು. ಮುಂದೆ ಅದೇ ಥ್ರಿಪ್ಸನ್ನು ಹವಾಯಿಗೆ ಒಯ್ದಾಗ ಬಯಲಿನ ಗಿಡಗಳನ್ನು ಅದು ಚೆನ್ನಾಗಿ ತಡೆಯಿತು. ಕಾಡಿನ ನೆರಳಿನಲ್ಲಿ ಬೆಳೆದ ಗಿಡಗಳ ಗೋಜಿಗೆ ಹೋಗಲಿಲ್ಲ. ಗಿಡ ಅದೇ, ಕೀಟ ಅದೇ. ಬಿಸಿಲು ನೆರಳುಗಳ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಆದುದರಿಂದಲೇ ಸಮೀಕ್ಷಕನು ಗಿಡದ ಹೆಸರಿನ ಜೊತೆಗೆ ಅದು ನಿಂತ ಜಾಗದ ಸ್ಥಿತಿಯನ್ನೂ ಬರೆದುಕೊಳ್ಳಬೇಕು.

ಒಂದು ಸಲ ಕಾಡಿಗೆ ಹೋಗಿಬಂದರೆ ಸಮೀಕ್ಷೆ ಆಯಿತೆನ್ನಲಾಗದು. ಘಟ್ಟದ ಜಡಿಮಳೆಯಲ್ಲಿ ಥ್ರಿಪ್ಸ್ ಕೊಚ್ಚಿಹೋಗುತ್ತವೆ. ಚಿಗುರು ಮೂಡುವಾಗ, ಹೂಬಿಡುವಾಗ ಎಲ್ಲಿಂದಲೋ ಎಂಬಂತೆ ತುಂಬಿಕೊಳ್ಳುತ್ತವೆ. ಒಂದೇ ಮರವನ್ನು ಬೇರೆ ಬೇರೆ ತಿಂಗಳುಗಳಲ್ಲಿ ನೋಡಬೇಕು. ತಟ್ಟಿದರೂ ಏನೂ ಬೀಳದ ಗಿಡಗಳ ಹೆಸರನ್ನೂ ಬರೆಯಬೇಕು. ಇದು ಬೇಸರದ ಕೆಲಸವೇ ಸರಿ. ಆದರೆ ನೋಡಿ ಕಾಣದಿರುವುದಕ್ಕೂ ನೋಡದೆಯೇ ಬಿಟ್ಟಿರುವುದಕ್ಕೂ ವ್ಯತ್ಯಾಸ ಉಳಿಯುವುದು ಆ ಸಾಲುಗಳಿಂದಲೇ.

ಊರಿಗೆ ಮರಳಿದ ಮೇಲೆ ಪ್ರಯೋಗಾಲಯದ ಕೆಲಸ ಮೊದಲಾಗುತ್ತದೆ. ಕೀಟದ ಮೈಯನ್ನು ಕ್ಷಾರದ ದ್ರಾವಣದಲ್ಲಿ ನೆನೆಯಿಸಿ ಒಳಗಿನದನ್ನು ಕರಗಿಸಿ, ಪಾರದರ್ಶಕವಾದ ಮೇಲೆ ರೆಕ್ಕೆ, ಕಾಲು, ಮೀಸೆಗಳನ್ನು ಸೂಜಿಯಿಂದ ಹರಡಿ, ಕೆನಡ ಬಾಲ್ಸಮ್ ಎಂಬ ಅಂಟಿನಲ್ಲಿ ಗಾಜಿನ ಪಟ್ಟಿಯ ಮೇಲೆ ಕೂರಿಸುತ್ತಾರೆ. ಮೀಸೆಯಲ್ಲಿ ಗೆಣ್ಣುಗಳೆಷ್ಟು, ಕುತ್ತಿಗೆಯ ಅಂಚಿನಲ್ಲಿ ಉದ್ದ ಕೂದಲುಗಳೆಷ್ಟು ಎಂದೆಲ್ಲ ಎಣಿಸಿ ಪ್ರಭೇದವನ್ನು ನಿರ್ಧರಿಸಬೇಕು. ಪ್ರೌಢ ಕೀಟಗಳಿಗೇನೋ ಇದು ಸಾಕು. ಮರಿಗಳಲ್ಲಿ ಇಂಥ ಗುರುತುಗಳು ಕಡಿಮೆ. ಆದುದರಿಂದ ಕೆಲವು ಮರಿಗಳನ್ನು ಅದೇ ಗಿಡದ ಎಲೆಯೊಡನೆ ಜೀವಂತವಾಗಿ ತಂದು, ಪ್ರೌಢವಾಗುವವರೆಗೆ ಸಾಕಿ ನೋಡುವುದು ಹಳೆಯ ಕ್ರಮ. ಮರಿಯ ಡಿ.ಎನ್.ಎ.ಯನ್ನು ಪ್ರೌಢ ಕೀಟದ್ದರೊಡನೆ ಹೋಲಿಸುವುದು ಈಚಿನ ಕ್ರಮ. ಹೀಗೆ ಸಿದ್ಧವಾದ ಗಾಜಿನ ಪಟ್ಟಿಗಳನ್ನು ಕೋಲ್ಕತದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯಲ್ಲಿ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ಜೋಪಾನವಾಗಿ ಇಡುತ್ತಾರೆ.

ಪ್ರತಿಯೊಂದು ಪಟ್ಟಿಯ ತುದಿಗೂ ಒಂದು ಸಣ್ಣ ಚೀಟಿ ಅಂಟಿಸಿರುತ್ತದೆ. ಸಿಕ್ಕಿದ ಸ್ಥಳ, ಸಮುದ್ರಮಟ್ಟದಿಂದ ಅದರ ಎತ್ತರ, ದಿನಾಂಕ, ಗಿಡದ ಹೆಸರು, ಒಣಗಿಸಿಟ್ಟ ರೆಂಬೆಯ ಸಂಖ್ಯೆ, ಎಲೆಯಿಂದಲೋ ಹೂವಿನಿಂದಲೋ ಎಂಬ ವಿವರ, ಹಿಡಿದವರ ಹೆಸರು ಇವೆಲ್ಲ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಇರುಕಿಕೊಂಡಿರುತ್ತವೆ. ಮರಿಗಳ ಸುದ್ದಿಗೆ ಅಲ್ಲಿ ಎಡೆ ಸಾಲದೆ ಅದನ್ನು ಸಮೀಕ್ಷೆಯ ದಿನಚರಿಯಲ್ಲಿ ಬರೆಯುವುದುಂಟು. ಆ ದಿನಚರಿಯಲ್ಲಿ ಒಂದು ಗಿಡದ ಹೆಸರಿನ ಎದುರಿಗೆ 'ಮರಿಗಳು ಸಿಗಲಿಲ್ಲ' ಎಂದಿದ್ದರೆ, ಮುಂದಿನ ವರ್ಷ ಆ ಗಿಡ ಹೂಬಿಡುವ ಹೊತ್ತಿಗೆ ಬಿಳಿಯ ತಟ್ಟೆಯನ್ನು ಹಿಡಿದು ಯಾರಾದರೂ ಮತ್ತೆ ಆ ಕಣಿವೆಗೆ ಇಳಿಯಬೇಕಾಗುತ್ತದೆ.